ಫೋಟೊ ಎಡಿಟಿಂಗ್ ನಿಧಾನವಾಗಿದ್ದರೆ ಯಾವುದಕ್ಕೆ ಕೈ ಹಾಕಬೇಕು: ಸೆಟ್ಟಿಂಗ್, ಎಸ್‌ಎಸ್‌ಡಿ, ರ‍್ಯಾಮ್, ಬೇರೆ ಸಾಫ್ಟ್‌ವೇರ್, ಅಥವಾ ಹೊಸ ಕಂಪ್ಯೂಟರ್?

ಫೋಟೊ ತೆಗೆಯುವ ಗೆಳೆಯರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಲೈಟ್‌ರೂಮ್ (ಅಡೋಬಿಯ ಫೋಟೊ ಎಡಿಟಿಂಗ್ ಸಾಫ್ಟ್‌ವೇರ್) ತುಂಬಾ ನಿಧಾನ, ರ‍್ಯಾಮ್ (ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿ) ಹಾಕಿಸಬೇಕಾ, ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಬೇಕಾ, ಇಲ್ಲಾ ಹೊಸ ಲ್ಯಾಪ್‌ಟಾಪನ್ನೇ ತಗೋಬೇಕಾ? ಅಂಗಡಿಯಲ್ಲಿ ಕೇಳಿದರೆ ಒಂದು ಉತ್ತರ, ಯೂಟ್ಯೂಬ್ ನೋಡಿದರೆ ಇನ್ನೊಂದು. ಎರಡೂ ಯಾರದೋ ಕಂಪ್ಯೂಟರಿಗೆ ಸರಿಯಾದ ಉತ್ತರವೇ. ನಿಮ್ಮದಕ್ಕೆ ಸರಿಯಾ ಎಂದು ತಿಳಿಯಬೇಕಾದರೆ ಮೊದಲು ನೀವು ಎಲ್ಲಿ ಕಾಯುತ್ತಿದ್ದೀರಿ ಅನ್ನುವುದು ಗೊತ್ತಾಗಬೇಕು.

ದುಡ್ಡು ಪೋಲಾಗುವುದು ಇಲ್ಲೇ. ಒಂದು ಫೋಟೊದಿಂದ ಮುಂದಿನದಕ್ಕೆ ಹೋಗಲು ಕಾಯುತ್ತೀರಾ? ಸ್ಲೈಡರ್ ಎಳೆದ ಮೇಲೆ ಚಿತ್ರ ತಡವಾಗಿ ಬದಲಾಗುತ್ತದಾ? ಫೋಟೊದ ಕಾಳುಕಾಳು ಚುಕ್ಕೆ (ನಾಯ್ಸ್) ತೆಗೆಯುವ ಡಿನಾಯ್ಸ್ ಒತ್ತಿ ನಿಮಿಷಗಟ್ಟಲೆ ಕೂರುತ್ತೀರಾ? ತಿದ್ದಿದ ಫೋಟೊಗಳನ್ನು ಹೊಸ ಫೈಲುಗಳಾಗಿ ತೆಗೆಯುವ ಎಕ್ಸ್‌ಪೋರ್ಟ್‌ಗೆ ಬಿಟ್ಟು ಊಟ ಮುಗಿಸಿ ಬಂದರೂ ಅರ್ಧವೇ ಆಗಿರುತ್ತದಾ? ಇವು ನಾಲ್ಕೂ ಬೇರೆ ಬೇರೆ ತೊಂದರೆಗಳು. ಒಂದಕ್ಕೆ ಕೆಲಸ ಮಾಡುವ ಮದ್ದು ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ. ಎಕ್ಸ್‌ಪೋರ್ಟ್ ನಿಧಾನ ಅಂತ 32 ಜಿಬಿ ರ‍್ಯಾಮ್ ಹಾಕಿಸಿಕೊಂಡವರಿಗೆ ಎಕ್ಸ್‌ಪೋರ್ಟ್ ಅಷ್ಟೇ ನಿಧಾನವಾಗಿ ಉಳಿಯುವುದು ಅದಕ್ಕೇ.

ಯಾವ ಆಧಾರದ ಮೇಲೆ ಹೋಲಿಸಬೇಕು

ಆಯ್ಕೆಗಳನ್ನು ನಾನು ಐದು ಪ್ರಶ್ನೆ ಇಟ್ಟುಕೊಂಡು ತೂಗುತ್ತೇನೆ.

ಯಾವ ಕೆಲಸದಲ್ಲಿ ಕಾಯುತ್ತಿದ್ದೇನೆ ಅನ್ನುವುದು ಮೊದಲನೆಯದು. ಆ ಹೊತ್ತಿನಲ್ಲಿ ಕಂಪ್ಯೂಟರಿನ ಯಾವ ಭಾಗ ತುಂಬಿ ನಿಂತಿದೆ ಅನ್ನುವುದು ಎರಡನೆಯದು. ಹಾಕುವ ದುಡ್ಡು ನಾಳೆ ಕಂಪ್ಯೂಟರ್ ಬದಲಿಸಿದಾಗ ಜೊತೆಗೆ ಬರುತ್ತದಾ ಅನ್ನುವುದು ಮೂರನೆಯದು. ಹೊರಗೆ ಜೋಡಿಸುವ ಎಸ್‌ಎಸ್‌ಡಿ ಬರುತ್ತದೆ, ಹಳೆ ಲ್ಯಾಪ್‌ಟಾಪಿನ ರ‍್ಯಾಮ್ ಸಾಮಾನ್ಯವಾಗಿ ಬರುವುದಿಲ್ಲ. ಇದುವರೆಗೆ ಮಾಡಿದ ಎಡಿಟ್‌ಗಳು ಉಳಿಯುತ್ತವಾ ಅನ್ನುವುದು ನಾಲ್ಕನೆಯದು. ಇದನ್ನು ಮರೆತು ಸಾಫ್ಟ್‌ವೇರ್ ಬದಲಿಸಿದವರು ಆಮೇಲೆ ತುಂಬಾ ಒದ್ದಾಡುತ್ತಾರೆ. ಕೊನೆಯದು, ಈ ಕಂಪ್ಯೂಟರಿಗೆ ಇನ್ನೆಷ್ಟು ಆಯಸ್ಸಿದೆ.

ಎರಡನೆಯ ಪ್ರಶ್ನೆಗೆ ಉತ್ತರ ಕಂಪ್ಯೂಟರಿನಲ್ಲೇ ಇದೆ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಪರ್ಫಾರ್ಮೆನ್ಸ್ ಪುಟ ತೆರೆದಿಟ್ಟು, ನಿಮಗೆ ಬೇಸರ ತರಿಸುವ ಆ ಕೆಲಸವನ್ನೇ ಮಾಡಿ. ಡಿಸ್ಕ್ 100 ಶೇಕಡದಲ್ಲಿ ನಿಂತಿದ್ದು ಪ್ರೊಸೆಸರ್ ಸುಮ್ನೆ ಇದ್ದರೆ ತೊಂದರೆ ಡಿಸ್ಕಿನದು. ಮೆಮೊರಿ 90 ಶೇಕಡ ದಾಟಿ, ಅದರ ಜೊತೆಗೇ ಡಿಸ್ಕೂ ಓಡುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಪ್ರೊಸೆಸರ್ 100ರಲ್ಲಿ ನಿಂತಿದ್ದು ಉಳಿದವು ಆರಾಮಾಗಿದ್ದರೆ ರ‍್ಯಾಮ್, ಎಸ್‌ಎಸ್‌ಡಿ ಎರಡಕ್ಕೂ ದುಡ್ಡು ಹಾಕಬೇಡಿ. ಅದೇ ಪುಟದಲ್ಲಿ ನಿಮ್ಮ ಡಿಸ್ಕ್ ಹಾರ್ಡ್ ಡಿಸ್ಕಾ ಎಸ್‌ಎಸ್‌ಡಿಯಾ ಅನ್ನುವುದು, ರ‍್ಯಾಮ್ ಹಾಕುವ ಸ್ಲಾಟ್‌ಗಳಲ್ಲಿ ಎಷ್ಟು ಬಳಕೆಯಲ್ಲಿವೆ ಅನ್ನುವುದೂ ಕಾಣುತ್ತದೆ. ಮ್ಯಾಕ್‌ನಲ್ಲಿ ಇದೇ ಕೆಲಸಕ್ಕೆ ಆಕ್ಟಿವಿಟಿ ಮಾನಿಟರ್ ಇದೆ, ಅದರಲ್ಲಿ ಮೆಮೊರಿ ಪ್ರೆಷರ್ ಅನ್ನುವ ಗ್ರಾಫ್ ನೋಡಿ.

ಇನ್ನೊಂದು ಕೆಲಸ ಮಾಡಿಟ್ಟುಕೊಳ್ಳಿ. ಒಂದಷ್ಟು ರಾ ಫೋಟೊಗಳನ್ನು (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲುಗಳನ್ನು) ಬೇರೆ ಫೋಲ್ಡರಿಗೆ ಹಾಕಿ, ಅವನ್ನು ಎಕ್ಸ್‌ಪೋರ್ಟ್ ಮಾಡಲು ಹಿಡಿಯುವ ಸಮಯವನ್ನು ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಅಳೆದು ಬರೆದಿಡಿ. ಮುಂದೆ ಏನೇ ಬದಲಾಯಿಸಿದರೂ ಅದೇ ಫೋಟೊಗಳಲ್ಲಿ ಮತ್ತೆ ಅಳೆಯಿರಿ. ದುಡ್ಡು ಹಾಕಿದ ಮೇಲೆ "ಸ್ವಲ್ಪ ಫಾಸ್ಟ್ ಆದ ಹಾಗಿದೆ" ಅನ್ನಿಸುವುದು ಸಹಜ, ಅಲ್ವಾ? ಅಳತೆ ಇದ್ದರೆ ಆ ಗೊಂದಲ ಇರುವುದಿಲ್ಲ.

ಖರ್ಚಿಲ್ಲದ ದಾರಿ: ಇರುವುದನ್ನೇ ಸರಿ ಮಾಡುವುದು

ಬಜೆಟ್ ಎಷ್ಟೇ ಇರಲಿ, ಎಲ್ಲರೂ ಇಲ್ಲಿಂದಲೇ ಶುರು ಮಾಡಬೇಕು. ಲೈಟ್‌ರೂಮ್ ಕ್ಲಾಸಿಕ್ ಬಳಸುವವರು ಹೆಚ್ಚು ಇರುವುದರಿಂದ ಅದನ್ನೇ ಉದಾಹರಣೆಯಾಗಿ ಹಿಡಿಯುತ್ತೇನೆ.

ಲೈಟ್‌ರೂಮ್ ಕ್ಲಾಸಿಕ್‌ನ ಎರಡು ಮುಖ್ಯ ಪುಟಗಳು ಚಿತ್ರವನ್ನು ಎರಡು ಬೇರೆ ಕಡೆಯಿಂದ ತರುತ್ತವೆ. ಲೈಬ್ರರಿಯಲ್ಲಿ ನೀವು ನೋಡುವುದು ಮೊದಲೇ ಸಿದ್ಧಮಾಡಿಟ್ಟ ಪ್ರಿವ್ಯೂ. ಡೆವಲಪ್‌ಗೆ ಹೋದ ತಕ್ಷಣ ಅದು ಮೂಲ ರಾ ಫೈಲನ್ನೇ ತೆರೆದು ಮತ್ತೆ ಲೆಕ್ಕ ಹಾಕುತ್ತದೆ. ಹಾಗಾಗಿ ಇಂಪೋರ್ಟ್ ಮಾಡುವಾಗ ಒನ್ ಟು ಒನ್ (ಪೂರ್ತಿ ಗಾತ್ರದ) ಪ್ರಿವ್ಯೂ ಕಟ್ಟಿಸಿಕೊಂಡರೆ ಲೈಬ್ರರಿಯಲ್ಲಿ ಫೋಟೊ ಆರಿಸುವುದು ಸಲೀಸಾಗುತ್ತದೆ, ಡೆವಲಪ್ ಮಾತ್ರ ಮೊದಲಿನಷ್ಟೇ ನಿಧಾನವಾಗಿರುತ್ತದೆ. ಡೆವಲಪ್‌ಗೆ ನೆರವಾಗುವುದು ಎರಡು: ಕ್ಯಾಮೆರಾ ರಾ ಕ್ಯಾಶ್ ಮತ್ತು ಸ್ಮಾರ್ಟ್ ಪ್ರಿವ್ಯೂ.

ಕ್ಯಾಶ್ ಅಂದರೆ ಈಚೆಗೆ ತೆರೆದ ರಾ ಫೈಲುಗಳ ಲೆಕ್ಕವನ್ನು ಇಟ್ಟುಕೊಳ್ಳುವ ಜಾಗ, ತಾನಾಗಿ ಇರುವುದು 5 ಜಿಬಿ. ಡಿಸ್ಕಿನಲ್ಲಿ ಜಾಗ ಇದ್ದರೆ 20 ಜಿಬಿಗೋ ಇನ್ನೂ ಜಾಸ್ತಿಗೋ ಏರಿಸಿ. ಸ್ಮಾರ್ಟ್ ಪ್ರಿವ್ಯೂ ಅಂದರೆ ಉದ್ದದ ಬದಿ 2540 ಪಿಕ್ಸೆಲ್ ಇರುವ ಚಿಕ್ಕ ರಾ ಪ್ರತಿ. ಅವನ್ನು ಕಟ್ಟಿಸಿಕೊಂಡು, ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೂಲ ಫೈಲಿನ ಬದಲು ಸ್ಮಾರ್ಟ್ ಪ್ರಿವ್ಯೂ ಬಳಸು ಅನ್ನುವ ಆಯ್ಕೆಗೆ ಟಿಕ್ ಹಾಕಿ. 45 ಮೆಗಾಪಿಕ್ಸೆಲ್ ಕ್ಯಾಮೆರಾ ಇರುವವರಿಗೆ ಇದರಿಂದ ಆಗುವ ಬದಲಾವಣೆ ಕೂಡಲೇ ಗೊತ್ತಾಗುತ್ತದೆ. ಬಣ್ಣ, ಬೆಳಕು, ಕ್ರಾಪ್ ಎಲ್ಲವನ್ನೂ ಹೀಗೇ ಮಾಡಬಹುದು. ಎಕ್ಸ್‌ಪೋರ್ಟ್ ಆಗುವಾಗ ಮೂಲ ಫೈಲೇ ಬಳಕೆಯಾಗುವುದರಿಂದ ಗುಣಮಟ್ಟ ಕಡಿಮೆಯಾಗುವುದಿಲ್ಲ. ಶಾರ್ಪ್‌ನೆಸ್, ನಾಯ್ಸ್ ನೋಡುವಾಗ ಮಾತ್ರ ಟಿಕ್ ತೆಗೆದು ನೋಡಿ.

ಕ್ಯಾಟಲಾಗ್, ಅಂದರೆ ನಿಮ್ಮ ಎಡಿಟ್‌ಗಳ ದಾಖಲೆ ಇರುವ ಫೈಲು, ಎಲ್ಲಿದೆ ಅನ್ನುವುದನ್ನೂ ನೋಡಬೇಕು. ಅದು ತಾನಾಗಿ ಕೂರುವುದು ಪಿಕ್ಚರ್ಸ್ ಫೋಲ್ಡರಿನಲ್ಲಿ. ಎಷ್ಟೋ ಕಂಪ್ಯೂಟರುಗಳಲ್ಲಿ ಆ ಫೋಲ್ಡರನ್ನು ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಸದಾ ಇಂಟರ್ನೆಟ್ಟಿಗೆ ಕಳುಹಿಸುತ್ತಿರುತ್ತದೆ. ನೀವು ಎಡಿಟ್ ಮಾಡಿದಷ್ಟೂ ಕ್ಯಾಟಲಾಗ್ ಬದಲಾಗುತ್ತದೆ, ಒನ್‌ಡ್ರೈವ್ ಅದನ್ನು ಮತ್ತೆ ಮತ್ತೆ ಓದುತ್ತದೆ, ಡಿಸ್ಕ್, ಇಂಟರ್ನೆಟ್ ಎರಡಕ್ಕೂ ಬಿಡುವಿರುವುದಿಲ್ಲ. ಕ್ಯಾಟಲಾಗನ್ನು ಸಿಂಕ್ ಆಗದ ಬೇರೆ ಫೋಲ್ಡರಿಗೆ ಸರಿಸಿ, ಲೈಟ್‌ರೂಮ್ ಮುಚ್ಚಿದ ಮೇಲೆಯೇ ಸರಿಸಿ. ಮುಖ ಗುರುತಿಸುವುದು, ಊರಿನ ಹೆಸರು ಹುಡುಕುವುದು ಹಿನ್ನೆಲೆಯಲ್ಲಿ ಓಡುತ್ತಿದ್ದರೆ ಎಡಿಟ್ ಮಾಡುವಾಗ ನಿಲ್ಲಿಸಿಡಿ.

ಎಡಿಟ್ ಮಾಡುವ ಕ್ರಮದಿಂದಲೂ ವೇಗ ಬದಲಾಗುತ್ತದೆ. ಕಲೆ ತೆಗೆಯುವ ಹೀಲಿಂಗ್ ಮೊದಲು, ಲೆನ್ಸ್ ಕರೆಕ್ಷನ್ ಆಮೇಲೆ, ಬಣ್ಣ ಬೆಳಕು ಅದರ ನಂತರ, ನಾಯ್ಸ್ ಕಡಿಮೆ ಮಾಡುವುದು ಮತ್ತು ಶಾರ್ಪ್‌ನೆಸ್ ಎಲ್ಲಕ್ಕಿಂತ ಕೊನೆಗೆ. ನಾಯ್ಸ್ ಮೊದಲೇ ಹಾಕಿಕೊಂಡರೆ ಆಮೇಲಿನ ಪ್ರತಿ ಬದಲಾವಣೆಯ ಜೊತೆಗೂ ಆ ಭಾರ ಇರುತ್ತದೆ.

4ಕೆ ಪರದೆ ಇದ್ದರೆ ಒಂದು ಮಾತು. ಅದರಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್ ಇರುತ್ತವೆ, ಫುಲ್ ಎಚ್‌ಡಿ ಪರದೆಯ ನಾಲ್ಕು ಪಟ್ಟು. ಲೈಟ್‌ರೂಮ್ ಕಿಟಕಿಯನ್ನು ಚಿಕ್ಕದು ಮಾಡಿ ಸ್ಲೈಡರ್ ಎಳೆದು ನೋಡಿ. ಆಗ ಚುರುಕಾದರೆ ಭಾರ ಪರದೆಯದು ಅಂತ ಗೊತ್ತಾಗುತ್ತದೆ.

ಲ್ಯಾಪ್‌ಟಾಪಾದರೆ ಚಾರ್ಜರ್ ಹಾಕಿಕೊಂಡೇ ಕೆಲಸ ಮಾಡಿ. ಬ್ಯಾಟರಿಯಲ್ಲಿ ಓಡುವಾಗ ಅನೇಕ ಲ್ಯಾಪ್‌ಟಾಪುಗಳು ವೇಗ ತಗ್ಗಿಸಿಕೊಳ್ಳುತ್ತವೆ. ಬಿಸಿಯೂ ಹಾಗೇ. ಪ್ರೊಸೆಸರ್ ತೀರಾ ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ, ಫ್ಯಾನಿನೊಳಗೆ ಧೂಳು ತುಂಬಿದ ಲ್ಯಾಪ್‌ಟಾಪಿನಲ್ಲಿ ಎಕ್ಸ್‌ಪೋರ್ಟ್ ಶುರುವಿನಲ್ಲಿ ಚೆನ್ನಾಗಿ ಓಡಿ ಆಮೇಲೆ ಎಳೆಯುತ್ತಿದ್ದರೆ ಇದೇ ಕಾರಣ. ಸರ್ವಿಸ್ ಅಂಗಡಿಯಲ್ಲಿ ಧೂಳು ತೆಗೆಸಿ ಥರ್ಮಲ್ ಪೇಸ್ಟ್ ಹೊಸದು ಹಾಕಿಸಿದರೆ ಅದಕ್ಕಾಗುವ ಖರ್ಚು ಮುಂದೆ ಹೇಳುವ ಯಾವುದಕ್ಕಿಂತಲೂ ಕಡಿಮೆ.

ಫೋಟೊಶಾಪ್ ಬಳಸುವವರು ಪರ್ಫಾರ್ಮೆನ್ಸ್ ಪುಟದಲ್ಲಿ ಹಿಸ್ಟರಿ ಸ್ಟೇಟ್ಸ್ (ಹಿಂದಕ್ಕೆ ಹೋಗಬಹುದಾದ ಹೆಜ್ಜೆಗಳು) 50 ಇರುವುದನ್ನು 20ಕ್ಕೆ ಇಳಿಸಿ, ಸ್ಕ್ರ್ಯಾಚ್ ಡಿಸ್ಕ್ (ರ‍್ಯಾಮ್ ಸಾಲದಾಗ ಬಳಸುವ ಜಾಗ) ನಿಮ್ಮಲ್ಲಿರುವ ಅತಿ ವೇಗದ ಡ್ರೈವ್ ಮೇಲೆ ಇದೆಯಾ ನೋಡಿ.

ಎಸ್‌ಎಸ್‌ಡಿ: ಹಾರ್ಡ್ ಡಿಸ್ಕ್ ಇರುವವರಿಗೆ ಮೊದಲ ಖರ್ಚು ಇದೇ

ನಿಮ್ಮ ವಿಂಡೋಸ್ ಇನ್ನೂ ತಿರುಗುವ ಹಾರ್ಡ್ ಡಿಸ್ಕಿನಲ್ಲಿದ್ದರೆ ಬೇರೆ ಯಾವುದನ್ನೂ ಹೋಲಿಸುತ್ತಾ ಕೂರಬೇಡಿ. ಕೆಲವು ಸಾವಿರ ರೂಪಾಯಿಯಲ್ಲಿ ಹಳೆ ಕಂಪ್ಯೂಟರಿಗೆ ಇಷ್ಟು ಬದಲಾವಣೆ ತರುವ ಇನ್ನೊಂದು ಭಾಗ ಇಲ್ಲ.

ಹಾರ್ಡ್ ಡಿಸ್ಕ್ ಸೆಕೆಂಡಿಗೆ 100ರಿಂದ 150 ಎಂಬಿ ಓದುತ್ತದೆ, ಹಳೆ ಬಗೆಯ ಜೋಡಣೆಯ ಸಾಟಾ ಎಸ್‌ಎಸ್‌ಡಿ 550ರ ತನಕ, ಹೊಸ ಬಗೆಯ ಎನ್‌ವಿಎಂಇ ಎಸ್‌ಎಸ್‌ಡಿ 3500 ಮತ್ತು ಅದಕ್ಕೂ ಮೇಲೆ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು ಈ ಅಂಕಿ. ಫೋಟೊ ಕೆಲಸದಲ್ಲಿ ಇದಕ್ಕಿಂತ ಜಾಸ್ತಿ ಲೆಕ್ಕಕ್ಕೆ ಬರುವುದು ಬೇರೊಂದು. ಹಾರ್ಡ್ ಡಿಸ್ಕಿನ ಮುಳ್ಳು ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಿ ಓದಲು ಸುಮಾರು 10 ಮಿಲಿಸೆಕೆಂಡ್ ಹಿಡಿಯುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ್ದರಿಂದ ಆ ಕಾಯುವಿಕೆ ಇಲ್ಲವೆನ್ನುವಷ್ಟು ಕಡಿಮೆ. ಲೈಟ್‌ರೂಮ್ ಕ್ಯಾಟಲಾಗ್ ಒಂದು ಡೇಟಾಬೇಸ್, ಅದರಿಂದ ಸಾವಿರಾರು ಚಿಕ್ಕ ಚಿಕ್ಕ ತುಣುಕುಗಳನ್ನು ಓದಬೇಕು, ಪ್ರಿವ್ಯೂಗಳೂ ಹಾಗೇ ಸಾವಿರಾರು ಫೈಲು. ಪ್ರತಿ ತುಣುಕಿಗೂ ಮುಳ್ಳು ಓಡಾಡಬೇಕಾದರೆ ಯಾಕೆ ನಿಧಾನ ಅನ್ನುವುದು ಅರ್ಥವಾಗುತ್ತದೆ.

ಇದರಿಂದ ಎರಡು ತೀರ್ಮಾನ. ಹಾರ್ಡ್ ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಬಂದರೆ ಬದಲಾವಣೆ ದೊಡ್ಡದು. ಸಾಟಾದಿಂದ ಎನ್‌ವಿಎಂಇಗೆ ಹೋದರೆ ಎಡಿಟ್ ಮಾಡುವಾಗ ಅಷ್ಟೇನೂ ಗೊತ್ತಾಗುವುದಿಲ್ಲ, ಅಷ್ಟಕ್ಕಾಗಿ ಇರುವ ಎಸ್‌ಎಸ್‌ಡಿ ಬದಲಿಸಬೇಡಿ. ಎರಡನೆಯದು, ಎಲ್ಲ ಫೋಟೊಗಳನ್ನೂ ಎಸ್‌ಎಸ್‌ಡಿಗೆ ತರಬೇಕಿಲ್ಲ. ವಿಂಡೋಸ್, ಸಾಫ್ಟ್‌ವೇರ್, ಕ್ಯಾಟಲಾಗ್, ಪ್ರಿವ್ಯೂ, ಕ್ಯಾಶ್ ಇಷ್ಟು ಎಸ್‌ಎಸ್‌ಡಿಯಲ್ಲಿರಲಿ. ಈಗ ಎಡಿಟ್ ಮಾಡುತ್ತಿರುವ ಫೋಟೊಗಳೂ ಅಲ್ಲೇ ಇರಲಿ. ಹಳೆಯವು ಹಾರ್ಡ್ ಡಿಸ್ಕಿನಲ್ಲಿ ಇರಬಹುದು. ಹಾಗಾಗಿ 500 ಜಿಬಿಯಲ್ಲೇ ಕೆಲಸ ಆಗುತ್ತದೆ, ಐದನೇ ಒಂದು ಪಾಲು ಖಾಲಿ ಬಿಟ್ಟುಕೊಂಡರೂ.

ಹಳೆ ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವ್ ಇದ್ದರೆ ಅದರ ಜಾಗಕ್ಕೆ ಒಂದು ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಹಾಕಿಸಿ ಹಳೆ ಹಾರ್ಡ್ ಡಿಸ್ಕನ್ನು ಅಲ್ಲಿಗೆ ಸರಿಸಬಹುದು, ಎಸ್‌ಎಸ್‌ಡಿ ಮುಖ್ಯ ಜಾಗದಲ್ಲಿ ಕೂರುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಇದು ದಿನನಿತ್ಯದ ಕೆಲಸ. ಸಣ್ಣ ಪಟ್ಟಿಯಂತಿರುವ ಎಂ.2 ಎಸ್‌ಎಸ್‌ಡಿ ತಗೊಳ್ಳುವಾಗ ಎಚ್ಚರ. ನೋಡಲು ಒಂದೇ ಥರ ಇದ್ದರೂ ಅದರಲ್ಲಿ ಸಾಟಾ, ಎನ್‌ವಿಎಂಇ ಎರಡೂ ಬರುತ್ತವೆ. ನಿಮ್ಮ ಮದರ್‌ಬೋರ್ಡ್ ಯಾವುದಕ್ಕೆ ಒಗ್ಗುತ್ತದೆ ಅನ್ನುವುದನ್ನು ಮಾಡೆಲ್ ನಂಬರ್ ಹೇಳಿ ಕೇಳಿ.

ಕಂಪ್ಯೂಟರ್ ಬಿಚ್ಚಲು ಇಷ್ಟವಿಲ್ಲದವರಿಗೆ, ಅಥವಾ ಮುಂದಿನ ವರ್ಷ ಹೊಸದು ತಗೊಳ್ಳುವ ಯೋಚನೆ ಇರುವವರಿಗೆ ಹೊರಗಿನ ಎಸ್‌ಎಸ್‌ಡಿ ಒಳ್ಳೆಯದು. ಕ್ಯಾಟಲಾಗನ್ನು ಅದರ ಮೇಲೇ ಇಡಬಹುದು, ಆಫೀಸಿನ ಲ್ಯಾಪ್‌ಟಾಪಿಗೂ ಮನೆಯದಕ್ಕೂ ಅದೇ ಆಗುತ್ತದೆ. ಅದನ್ನು ಯುಎಸ್‌ಬಿ 3 ಪೋರ್ಟಿಗೇ ಹಾಕಬೇಕು. ಹಳೆ ಯುಎಸ್‌ಬಿ 2 ಪೋರ್ಟಿನಲ್ಲಿ ಸೆಕೆಂಡಿಗೆ 35 ಎಂಬಿ ಆಸುಪಾಸು ಮಾತ್ರ ಸಿಗುತ್ತದೆ, ಅಲ್ಲಿಗೆ ಹಾಕಿದ ದುಡ್ಡು ಹೋದ ಹಾಗೇ.

ಇಲ್ಲಿ ಬ್ಯಾಕಪ್ ಮಾತು ಹೇಳಲೇಬೇಕು. ಕೆಟ್ಟುಹೋದ ಎಸ್‌ಎಸ್‌ಡಿಯಿಂದ ಫೋಟೊ ವಾಪಸ್ ತೆಗೆಯುವುದು ಹಾರ್ಡ್ ಡಿಸ್ಕಿಗಿಂತ ಕಷ್ಟ. ಲೈಟ್‌ರೂಮ್ ಮುಚ್ಚುವಾಗ ಕೇಳುವ ಬ್ಯಾಕಪ್ ಕ್ಯಾಟಲಾಗಿನದು ಮಾತ್ರ, ಫೋಟೊಗಳು ಅದರಲ್ಲಿ ಇರುವುದಿಲ್ಲ. ಡ್ರೈವ್ ಬದಲಿಸುವ ಮುಂಚೆ ಫೋಟೊಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇರಲಿ.

ರ‍್ಯಾಮ್: 8ರಿಂದ 16ಕ್ಕೆ ಹೌದು, 32ಕ್ಕೆ ಯೋಚಿಸಿ

ರ‍್ಯಾಮ್ ಎಷ್ಟು ಬೇಕು ಅನ್ನುವುದನ್ನು ಲೆಕ್ಕ ಹಾಕಿ ನೋಡಬಹುದು. 24 ಮೆಗಾಪಿಕ್ಸೆಲ್ ರಾ ಫೈಲ್ ಡಿಸ್ಕಿನಲ್ಲಿ 20ರಿಂದ 30 ಎಂಬಿ ಇರುತ್ತದೆ. ತೆರೆದಾಗ ಹಾಗಲ್ಲ. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಮೂರೂ 16 ಬಿಟ್‌ನಲ್ಲಿ ಬೇಕು, ಅಂದರೆ ಪಿಕ್ಸೆಲ್‌ಗೆ 6 ಬೈಟ್. 2 ಕೋಟಿ 40 ಲಕ್ಷ ಪಿಕ್ಸೆಲ್‌ಗೆ 144 ಎಂಬಿ ಆಯಿತು. 45 ಮೆಗಾಪಿಕ್ಸೆಲ್‌ಗೆ 270 ಎಂಬಿ. ಫೋಟೊಶಾಪಿನಲ್ಲಿ ಪೂರ್ತಿ ಚಿತ್ರದ ಒಂದೊಂದು ಲೇಯರಿಗೂ ಇಷ್ಟಿಷ್ಟು. ವಿಂಡೋಸ್ ತನಗಾಗಿ ಮೂರು ನಾಲ್ಕು ಜಿಬಿ ತಗೊಂಡಿರುತ್ತದೆ, ಬ್ರೌಸರ್ ಇನ್ನೊಂದಿಷ್ಟು. 8 ಜಿಬಿಯಲ್ಲಿ ಉಳಿಯುವುದು ಎಷ್ಟು ಅಂತ ನೀವೇ ಹೇಳಬಹುದು.

ಲೈಟ್‌ರೂಮ್ ಕ್ಲಾಸಿಕ್‌ಗೆ ಅಡೋಬಿ ಹೇಳುವುದು ಕನಿಷ್ಠ 8, ಚೆನ್ನಾಗಿ ಓಡಲು 16 ಜಿಬಿ. ನನ್ನ ಅಭಿಪ್ರಾಯವೂ ಅದೇ. 16 ಆದ ಮೇಲೆ 32ಕ್ಕೆ ಹೋಗುವುದು ಪನೋರಮಾ ಜೋಡಿಸುವವರಿಗೆ, ಬೇರೆ ಬೇರೆ ಬೆಳಕಿನ ಫೋಟೊ ಸೇರಿಸಿ ಎಚ್‌ಡಿಆರ್ ಮಾಡುವವರಿಗೆ, ಆಲ್ಬಮ್ ಪುಟಗಳಿಗೆ ಹತ್ತಿಪ್ಪತ್ತು ಲೇಯರ್ ಇಟ್ಟು ಕೆಲಸ ಮಾಡುವವರಿಗೆ ಮಾತ್ರ ಸಾರ್ಥಕ. ಹಕ್ಕಿ ಫೋಟೊಗಳನ್ನು ಒಂದೊಂದಾಗಿ ತಿದ್ದುವವರಿಗೆ ಆ ವ್ಯತ್ಯಾಸ ಕಾಣುವುದು ಅಪರೂಪ.

ಕೊಳ್ಳುವ ಮುಂಚೆ ಮೂರು ವಿಷಯ ನೋಡಿ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಒಂದು 16ರ ಪಟ್ಟಿಗಿಂತ ಎರಡು 8ರ ಪಟ್ಟಿ ಹಾಕಿದರೆ ಡ್ಯುಯಲ್ ಚಾನೆಲ್‌ನಲ್ಲಿ (ಎರಡೂ ಪಟ್ಟಿ ಒಟ್ಟಿಗೆ) ಓಡುತ್ತದೆ, ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಮೇಲೆ ನಡೆಯುವ ಕಂಪ್ಯೂಟರಿಗೆ ಅದರ ಲಾಭ ಜಾಸ್ತಿ. ಎಷ್ಟೋ ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಅಂಥದ್ದಕ್ಕೆ ಯಾವ ಅಂಗಡಿಯವರೂ ಸೇರಿಸಿಕೊಡಲು ಆಗುವುದಿಲ್ಲ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಬಹಳ ಏರಿದೆ, ಎಐ ಡೇಟಾ ಸೆಂಟರುಗಳ ಬೇಡಿಕೆ ಅದಕ್ಕೆ ಕಾರಣ. ಹಾಗಾಗಿ "ಇರಲಿ ಅಂತ" ಹಾಕಿಸುವ ಕಾಲ ಇದಲ್ಲ, ಟಾಸ್ಕ್ ಮ್ಯಾನೇಜರ್ ಬೇಕು ಅಂದರಷ್ಟೇ ಹಾಕಿಸಿ.

ಸಾಫ್ಟ್‌ವೇರ್ ಬದಲಿಸುವುದು

ಇದು ಎರಡು ಬಗೆ. ಪೂರ್ತಿ ಬದಲಿಸುವುದು ಒಂದು, ನಿಧಾನವಾಗುವ ಕೆಲಸವನ್ನಷ್ಟೇ ಬೇರೆ ಸಾಫ್ಟ್‌ವೇರಿಗೆ ಕೊಡುವುದು ಇನ್ನೊಂದು. ಎರಡನೆಯದನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ಕಬಿನಿಯಿಂದಲೋ ರಂಗನತಿಟ್ಟಿನಿಂದಲೋ ಬಂದಾಗ ಕಾರ್ಡಿನಲ್ಲಿ ಸಾವಿರ ಫೋಟೊ ಇರುತ್ತವೆ, ಇಟ್ಟುಕೊಳ್ಳುವುದು ನೂರು. ಸಾವಿರವನ್ನೂ ಲೈಟ್‌ರೂಮಿಗೆ ತುಂಬಿ, ಪ್ರಿವ್ಯೂ ಕಟ್ಟಿಸಿ, ಆಮೇಲೆ ಒಂಬೈನೂರು ಅಳಿಸುವುದರಲ್ಲಿ ಅರ್ಧ ದಿನ ಹೋಗುತ್ತದೆ. ಪ್ರತಿ ರಾ ಫೈಲಿನೊಳಗೂ ಕ್ಯಾಮೆರಾ ಒಂದು ಜೆಪೆಗ್ ಚಿತ್ರ ಸೇರಿಸಿಟ್ಟಿರುತ್ತದೆ. ಫಾಸ್ಟ್‌ಸ್ಟೋನ್ ಇಮೇಜ್ ವ್ಯೂವರ್, ಎಕ್ಸ್‌ಎನ್‌ವ್ಯೂ ಎಂಪಿಯಂಥವು ಅದನ್ನೇ ತೋರಿಸುವುದರಿಂದ ಹಳೆ ಕಂಪ್ಯೂಟರಿನಲ್ಲೂ ಸರಸರನೆ ಓಡುತ್ತವೆ. ಮನೆ ಬಳಕೆಗೆ ಎರಡೂ ಉಚಿತ. ದುಡ್ಡು ಕೊಡುವವರಿಗೆ ಫೋಟೊ ಮೆಕ್ಯಾನಿಕ್, ಫಾಸ್ಟ್‌ರಾವ್ಯೂವರ್ ಇವೆ. ಅಲ್ಲಿ ಆರಿಸಿ, ಉಳಿದ ನೂರನ್ನು ಮಾತ್ರ ಲೈಟ್‌ರೂಮಿಗೆ ತನ್ನಿ. ಎಡಿಟ್‌ಗೆ ಕೂರುವ ಮುಂಚೆಯೇ ಕೆಲಸದ ದೊಡ್ಡ ಪಾಲು ಮುಗಿದಿರುತ್ತದೆ.

ಪೂರ್ತಿ ಬದಲಿಸುವ ವಿಷಯಕ್ಕೆ ಬಂದರೆ, ಉಚಿತ ಸಾಫ್ಟ್‌ವೇರುಗಳಲ್ಲಿ ಎಲ್ಲರೂ ಮೊದಲು ಹೇಳುವ ಹೆಸರು ಡಾರ್ಕ್‌ಟೇಬಲ್. ತುಂಬಾ ಸಮರ್ಥವಾದದ್ದು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಆದರೆ ವೇಗಕ್ಕಾಗಿ ಅದಕ್ಕೆ ಹೋಗುವವರು ಒಂದು ತಿಳಿದಿರಬೇಕು. ಅದು ಪ್ರತಿ ಪಿಕ್ಸೆಲ್ಲನ್ನೂ 32 ಬಿಟ್‌ನ ನಾಲ್ಕು ಅಂಕಿಗಳಲ್ಲಿ ಲೆಕ್ಕ ಹಾಕುತ್ತದೆ. 24 ಮೆಗಾಪಿಕ್ಸೆಲ್ ಫೋಟೊ ಒಂದು ಸುತ್ತಿಗೆ 384 ಎಂಬಿ ಕೇಳುತ್ತದೆ. ಓಪನ್‌ಸಿಎಲ್ (ಲೆಕ್ಕವನ್ನು ಕಾರ್ಡಿಗೆ ಒಪ್ಪಿಸುವ ವ್ಯವಸ್ಥೆ) ನಡೆಸಬಲ್ಲ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಚೆನ್ನಾಗಿ ಓಡುತ್ತದೆ. ಇಲ್ಲದ ಹಳೆ ಲ್ಯಾಪ್‌ಟಾಪಿನಲ್ಲಿ, ಅದರಲ್ಲೂ ಡಿಫ್ಯೂಸ್ ಆರ್ ಶಾರ್ಪನ್‌ನಂಥ ಭಾರದ ಮಾಡ್ಯೂಲ್ ಹಾಕಿದಾಗ, ಲೈಟ್‌ರೂಮಿಗಿಂತಲೂ ಎಳೆಯುತ್ತದೆ. ತಿಂಗಳ ಚಂದಾ ಬೇಡ ಅನ್ನುವವರಿಗೆ ಡಾರ್ಕ್‌ಟೇಬಲ್ ಒಳ್ಳೆ ಆಯ್ಕೆ, ಹಳೆ ಕಂಪ್ಯೂಟರಿಗೆ ವೇಗ ಬೇಕು ಅನ್ನುವವರಿಗೆ ಅಲ್ಲ.

ರಾಥೆರಪಿ ಗ್ರಾಫಿಕ್ಸ್ ಕಾರ್ಡನ್ನು ಬಳಸುವುದೇ ಇಲ್ಲ. ಹಾಗಾಗಿ ಕಾರ್ಡ್ ಇಲ್ಲದವರಿಗೆ ಕಳೆದುಕೊಳ್ಳುವುದೇನೂ ಇಲ್ಲ. ಶಾರ್ಪ್‌ನೆಸ್, ನಾಯ್ಸ್ ಥರದ ಕೆಲಸಗಳಲ್ಲಿ ಹಲವನ್ನು ಅದು ಚಿತ್ರವನ್ನು 100 ಶೇಕಡಕ್ಕೆ ಹಿಗ್ಗಿಸಿದಾಗ ಮಾತ್ರ ತೋರಿಸುತ್ತದೆ. ಮೊದಮೊದಲು ವಿಚಿತ್ರ ಅನ್ನಿಸುತ್ತದೆ, ಹಳೆ ಪ್ರೊಸೆಸರಿಗೆ ಅದೇ ಅನುಕೂಲ.

ಫೋಟೊಶಾಪಿನ ಥರದ ಕೆಲಸಕ್ಕೆ ಅಫಿನಿಟಿ ಇದೆ. ಕ್ಯಾನ್ವಾ ಸಂಸ್ಥೆ 2024ರಲ್ಲಿ ಅದನ್ನು ಕೊಂಡಿತು, 2025ರ ಅಕ್ಟೋಬರಿನಿಂದ ಕ್ಯಾನ್ವಾ ಖಾತೆ ಇದ್ದವರಿಗೆ ಉಚಿತ. ಜಿಂಪ್ 3.0 ಬಂದಿದ್ದು 2025ರ ಮಾರ್ಚ್‌ನಲ್ಲಿ, ಹಳೆಯ ಆವೃತ್ತಿ ನೋಡಿ ಬಿಟ್ಟವರು ಮತ್ತೊಮ್ಮೆ ನೋಡಬಹುದು. ಜೆಪೆಗ್ ಫೋಟೊಗೆ ಅಕ್ಷರ ಹಾಕುವುದು, ಕ್ರಾಪ್ ಮಾಡುವುದು ಇಷ್ಟೇ ಆದರೆ ಬ್ರೌಸರಿನಲ್ಲೇ ಓಡುವ ಫೋಟೊಪಿಯಾ ಸಾಕು. ಮನೆಯವರಿಗೆ ವಾಟ್ಸಾಪಿನಲ್ಲಿ ಕಳಿಸಲು ಮಾತ್ರ ತಿದ್ದುವುದಾದರೆ ಮೊಬೈಲಿನ ಸ್ನ್ಯಾಪ್‌ಸೀಡ್ ಕಂಪ್ಯೂಟರಿಗಿಂತ ಬೇಗ ಮುಗಿಸುತ್ತದೆ.

ಈಗ ನಾಲ್ಕನೆಯ ಪ್ರಶ್ನೆ, ಹಳೆ ಎಡಿಟ್‌ಗಳು. ಲೈಟ್‌ರೂಮಿನಲ್ಲಿ ಮಾಡಿದ ತಿದ್ದುಪಡಿಗಳು ಬೇರೆ ಸಾಫ್ಟ್‌ವೇರಿನಲ್ಲಿ ಹಾಗೇ ತೆರೆಯುವುದಿಲ್ಲ. ಸ್ಟಾರ್ ರೇಟಿಂಗ್, ಕೀವರ್ಡ್, ಸ್ವಲ್ಪಮಟ್ಟಿಗೆ ಕ್ರಾಪ್ ಬರಬಹುದು, ಚಿತ್ರದ ಒಂದು ಭಾಗಕ್ಕಷ್ಟೇ ಹಾಕಿದ ಮಾಸ್ಕ್‌ಗಳು ಬರುವುದಿಲ್ಲ. ಚಂದಾ ನಿಲ್ಲಿಸಿದರೂ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಫೋಟೊ ನೋಡುವುದು, ಎಕ್ಸ್‌ಪೋರ್ಟ್ ಮಾಡುವುದು ಆಗುತ್ತದೆ, ಡೆವಲಪ್, ಮ್ಯಾಪ್ ಪುಟಗಳು ಮಾತ್ರ ಮುಚ್ಚಿಕೊಳ್ಳುತ್ತವೆ. ಹಾಗಾಗಿ ಹಳೆಯದನ್ನು ಅಲ್ಲೇ ಬಿಟ್ಟು, ಇನ್ನು ಮುಂದೆ ತೆಗೆಯುವ ಫೋಟೊಗಳನ್ನು ಮಾತ್ರ ಹೊಸ ಸಾಫ್ಟ್‌ವೇರಿನಲ್ಲಿ ಶುರು ಮಾಡುವುದು ನೆಮ್ಮದಿಯ ದಾರಿ. ಬಹಳ ಇಷ್ಟದ ಕೆಲವನ್ನು 16 ಬಿಟ್ ಟಿಫ್ ಆಗಿ ತೆಗೆದಿಟ್ಟುಕೊಳ್ಳಿ.

ಗ್ರಾಫಿಕ್ಸ್ ಕಾರ್ಡ್

ಇದು ಒಂದು ಕೆಲಸಕ್ಕೆ ಮಾತ್ರ ತೀರಾ ಮುಖ್ಯ: 2023ರ ಏಪ್ರಿಲ್‌ನಲ್ಲಿ ಲೈಟ್‌ರೂಮಿಗೆ ಬಂದ ಎಐ ಡಿನಾಯ್ಸ್. ಸಂಜೆ ಬೆಳಕಿನಲ್ಲಿ, ಕಾಡಿನೊಳಗೆ ಹೆಚ್ಚು ಐಎಸ್ಒದಲ್ಲಿ ತೆಗೆಯುವವರಿಗೆ ಇದು ವರ. ಒಳ್ಳೆ ಕಾರ್ಡ್ ಇದ್ದರೆ ಒಂದು ಫೋಟೊಗೆ ಸೆಕೆಂಡುಗಳು, ಇಲ್ಲದಿದ್ದರೆ ನಿಮಿಷಗಳು. ಪೂರ್ತಿ ಲಾಭಕ್ಕೆ ಕಾರ್ಡಿನಲ್ಲೇ 8 ಜಿಬಿ ಮೆಮೊರಿ ಇರಲಿ ಅನ್ನುತ್ತದೆ ಅಡೋಬಿ. 2022ರ ಜೂನಿನ ಆವೃತ್ತಿಯಿಂದ ಎಕ್ಸ್‌ಪೋರ್ಟ್ ಕೂಡ ಕಾರ್ಡನ್ನು ಬಳಸಿಕೊಳ್ಳುತ್ತದೆ.

ಲ್ಯಾಪ್‌ಟಾಪಿನೊಳಗೆ ಸಾಮಾನ್ಯವಾಗಿ ಕಾರ್ಡ್ ಸೇರಿಸಲಾಗದು. ಡೆಸ್ಕ್‌ಟಾಪಿಗೆ ಸೇರಿಸುವಾಗ ಎಸ್‌ಎಂಪಿಎಸ್ (ಕರೆಂಟ್ ಒದಗಿಸುವ ಪೆಟ್ಟಿಗೆ) ಎಷ್ಟು ವ್ಯಾಟಿನದು ಅಂತ ಮೊದಲು ನೋಡಿ, ಅದೂ ಬದಲಾಗಬೇಕಾದರೆ ಖರ್ಚು ಏರುತ್ತದೆ. ವಾರಕ್ಕೆ ಹತ್ತಿಪ್ಪತ್ತು ಫೋಟೊಗೆ ಮಾತ್ರ ಡಿನಾಯ್ಸ್ ಬೇಕಾದರೆ ಕಾರ್ಡ್ ಕೊಳ್ಳುವುದು ದಂಡ. ಅವನ್ನು ಒಟ್ಟಿಗೆ ಆರಿಸಿ ರಾತ್ರಿ ಮಲಗುವಾಗ ಓಡಲು ಬಿಡಿ.

ಹೊಸ ಕಂಪ್ಯೂಟರ್

ಪ್ರೊಸೆಸರೇ 100ರಲ್ಲಿ ನಿಂತಿದ್ದರೆ ಕೊನೆಗೆ ಇದೇ ದಾರಿ. ವಯಸ್ಸು ಕೂಡ ಲೆಕ್ಕಕ್ಕೆ ಬರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳು, ಬೆರಳೆಣಿಕೆಯವನ್ನು ಬಿಟ್ಟರೆ, ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ನಿಮ್ಮದು ಅಷ್ಟು ಹಳೆಯದಾದರೆ ಅದಕ್ಕೆ ರ‍್ಯಾಮ್ ಹಾಕಿಸಬೇಡಿ. ಹೊರಗಿನ ಎಸ್‌ಎಸ್‌ಡಿ ಕೊಂಡು ಸದ್ಯಕ್ಕೆ ನಡೆಸಿ, ಉಳಿದ ದುಡ್ಡನ್ನು ಹೊಸದಕ್ಕೆ ಕೂಡಿಡಿ.

ಕೊಳ್ಳುವಾಗ 16 ಜಿಬಿ ರ‍್ಯಾಮ್, 512 ಜಿಬಿ ಎನ್‌ವಿಎಂಇ ಕೆಳಗೆ ಹೋಗಬೇಡಿ. ಎರಡನೇ ರ‍್ಯಾಮ್ ಸ್ಲಾಟ್ ಖಾಲಿ ಇದೆಯಾ, ಎರಡನೇ ಎಂ.2 ಜಾಗ ಇದೆಯಾ ಕೇಳಿ. ಇದಕ್ಕಿಂತ ಮುಖ್ಯವಾಗಿ ಪರದೆ ನೋಡಿ. ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳಲ್ಲಿ 45 ಶೇಕಡ ಎನ್‌ಟಿಎಸ್‌ಸಿ ಅಂತ ಬರೆದಿರುತ್ತದೆ, ಪರದೆ ಎಷ್ಟು ಬಣ್ಣ ತೋರಿಸುತ್ತದೆ ಅನ್ನುವ ಅಳತೆ ಅದು. ಅಂಥ ಪರದೆ ಸಾಮಾನ್ಯ ಬಣ್ಣಗಳಲ್ಲೇ ಎಷ್ಟೋ ತೋರಿಸುವುದಿಲ್ಲ, ಎಷ್ಟು ವೇಗದ ಯಂತ್ರವಾದರೂ ಅದರ ಮೇಲೆ ಚರ್ಮದ ಬಣ್ಣ, ಮಿಂಚುಳ್ಳಿಯ ನೀಲಿ ಸರಿ ಮಾಡಲಾಗದು. 100 ಶೇಕಡ ಎಸ್‌ಆರ್‌ಜಿಬಿ (ಆ ಸಾಮಾನ್ಯ ಬಣ್ಣಗಳ ಗುಂಪು) ಇರುವುದನ್ನೇ ಕೇಳಿ, ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಇಳಿದರೂ ಪರವಾಗಿಲ್ಲ.

ಮ್ಯಾಕ್ ಇಷ್ಟಪಡುವವರಿಗೆ ಮ್ಯಾಕ್ ಮಿನಿ ಒಳ್ಳೆ ಲೆಕ್ಕ. 2024ರ ಎಂ4 ಮಾದರಿ 16 ಜಿಬಿಯಿಂದಲೇ ಶುರುವಾಗುತ್ತದೆ, ಮಾನಿಟರ್ ನಿಮ್ಮಿಷ್ಟದ್ದು ಹಾಕಿಕೊಳ್ಳಬಹುದು. ಮೆಮೊರಿಯನ್ನು ಆಮೇಲೆ ಏರಿಸಲಾಗದು, ಅದನ್ನು ಕೊಳ್ಳುವ ದಿನವೇ ತೀರ್ಮಾನಿಸಬೇಕು. ಅದೇ ದುಡ್ಡಿಗೆ ಕಟ್ಟಿಸಿದ ವಿಂಡೋಸ್ ಡೆಸ್ಕ್‌ಟಾಪಿಗೆ ನಾಳೆ ರ‍್ಯಾಮ್, ಕಾರ್ಡ್, ಡಿಸ್ಕ್ ಏನು ಬೇಕಾದರೂ ಸೇರಿಸಬಹುದು. ಡೆಸ್ಕ್‌ಟಾಪ್ ಯಾವುದಾದರೂ ಯುಪಿಎಸ್ ಇರಲೇಬೇಕು. ಎಡಿಟ್ ನಡುವೆ ಕರೆಂಟ್ ಹೋದರೆ ಕ್ಯಾಟಲಾಗ್ ಕೆಡಬಹುದು.

ಯಾರಿಗೆ ಯಾವುದು

ಮಕ್ಕಳ ಫೋಟೊ, ಊರ ಹಬ್ಬದ ಫೋಟೊ ಜೆಪೆಗ್‌ನಲ್ಲಿ ತೆಗೆಯುವವರು ಸೆಟ್ಟಿಂಗ್ ಸರಿ ಮಾಡಿಕೊಂಡು, ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಿ ನಿಲ್ಲಿಸಬಹುದು.

ಹಕ್ಕಿ, ಕಾಡಿನ ಫೋಟೊದವರಿಗೆ ನನ್ನ ಕ್ರಮ ಇದು: ಆರಿಸಲು ಬೇರೆ ವ್ಯೂವರ್, ಎಡಿಟ್‌ಗೆ ಸ್ಮಾರ್ಟ್ ಪ್ರಿವ್ಯೂ, ಎಸ್‌ಎಸ್‌ಡಿ, 16 ಜಿಬಿ ರ‍್ಯಾಮ್. ಇಷ್ಟಾದ ಮೇಲೂ ಡಿನಾಯ್ಸ್ ಒಂದೇ ಕಾಡುತ್ತಿದ್ದರೆ ಆಗ ಗ್ರಾಫಿಕ್ಸ್ ಕಾರ್ಡ್ ಯೋಚನೆ.

ಮದುವೆ ಫೋಟೊ ತೆಗೆದು ಅದರಿಂದಲೇ ಮನೆ ನಡೆಸುವವರ ಲೆಕ್ಕ ಬೇರೆ. ಸೀಸನ್‌ನಲ್ಲಿ ಕಾಯುವ ಒಂದೊಂದು ಗಂಟೆಯೂ ಆಲ್ಬಮ್ ಕೊಡುವ ದಿನವನ್ನು ಮುಂದೆ ತಳ್ಳುತ್ತದೆ. ಅವರು ಹಳೆಯದಕ್ಕೆ ತೇಪೆ ಹಾಕುತ್ತಾ ಹೋಗುವುದಕ್ಕಿಂತ, 8 ಜಿಬಿಯ ಗ್ರಾಫಿಕ್ಸ್ ಕಾರ್ಡ್, 32 ಜಿಬಿ ರ‍್ಯಾಮ್ ಇರುವ ಡೆಸ್ಕ್‌ಟಾಪನ್ನು ಸೀಸನ್‌ಗೆ ಎರಡು ತಿಂಗಳು ಮುಂಚೆಯೇ ಕಟ್ಟಿಸಿಕೊಳ್ಳಲಿ. ಹೊಸ ಯಂತ್ರಕ್ಕೆ ಕ್ಯಾಟಲಾಗ್ ಸರಿಸಿ, ಒಂದೆರಡು ಹಳೆ ಮದುವೆಗಳನ್ನು ಎಕ್ಸ್‌ಪೋರ್ಟ್ ಮಾಡಿ ನೋಡಲು ಅಷ್ಟು ಸಮಯ ಬೇಕು.

ಬೆಸೆದ 8 ಜಿಬಿ ಇರುವ ತೆಳ್ಳಗಿನ ಲ್ಯಾಪ್‌ಟಾಪಿನ ವಿದ್ಯಾರ್ಥಿಗಳಿಗೆ ಬಿಚ್ಚಿ ಸೇರಿಸಲು ಏನೂ ಇಲ್ಲ. ಅವರು ಎಡಿಟ್ ಮಾಡುವಾಗ ಬ್ರೌಸರ್ ಮುಚ್ಚಿಡಲಿ, ಸ್ಮಾರ್ಟ್ ಪ್ರಿವ್ಯೂ ಅಥವಾ ರಾಥೆರಪಿ ಬಳಸಲಿ, ಲೈಟ್‌ರೂಮ್, ಫೋಟೊಶಾಪ್ ಎರಡನ್ನೂ ಒಟ್ಟಿಗೆ ತೆರೆಯದಿರಲಿ. ಸ್ವಲ್ಪ ದುಡ್ಡು ಕೂಡಿದಾಗ 500 ಜಿಬಿಯ ಹೊರಗಿನ ಎಸ್‌ಎಸ್‌ಡಿ ತಗೊಳ್ಳಲಿ, ಮುಂದಿನ ಲ್ಯಾಪ್‌ಟಾಪಿಗೂ ಅದು ಆಗುತ್ತದೆ.